ಗಾಣದ ಬುಷ್ ಪದೇ ಪದೇ ಹೋಗ್ತಿದೆಯಾ? ಹಳೇದನ್ನ ಗುಜರಿಗೆ ಹಾಕೋ ಮುಂಚೆ ಒಂದ್ಸಲ ಓದಿ

ಪಾಂಡವಪುರದ ಕಡೆಯ ಒಂದು ಆಲೆಮನೆಯಿಂದ ಫೋನ್ ಬಂತು. "ಅಣ್ಣೋ, ಬುಷ್ ಹಾಕ್ಸಿ ವಾರ ಆಗಿಲ್ಲ ಕಣಣ್ಣ. ಆಗ್ಲೇ ಕೈ ಇಕ್ಕಕ್ಕಾಗದಂಗೆ ಕಾಯ್ತದೆ. ಒಸಿ ಬಂದು ನೋಡಣ್ಣ."

ಹೋದೆ. ಮೊದಲು ಕೇಳಿದ್ದು, ಹಳೇ ಬುಷ್ (ರೋಲರ್‌ನ ಶಾಫ್ಟ್ ಕೂತು ತಿರುಗುವ ಲೋಹದ ಕೊಳವೆ) ಎಲ್ಲಿ ಅಂತ. ಇರಲಿಲ್ಲ. ಲೇತ್ ಅಂಗಡಿಯಲ್ಲೇ ತೂಕಕ್ಕೆ ಹಾಕಿ, ಹೊಸದರ ದುಡ್ಡಲ್ಲಿ ಮುರಿಸಿಕೊಂಡಿದ್ದರು. ಎಲ್ಲರೂ ಮಾಡುವುದು ಅದೇ. ಗನ್‌ಮೆಟಲ್‌ಗೆ (ಬುಷ್ ಮಾಡುವ ತಾಮ್ರ-ತವರದ ಮಿಶ್ರಲೋಹ) ಗುಜರಿಯಲ್ಲೂ ಒಳ್ಳೇ ರೇಟ್ ಇದೆ, ಸುಮ್ನೆ ಮನೇಲಿ ಯಾಕೆ ಇಟ್ಟುಕೊಳ್ಳಬೇಕು ಅಲ್ವಾ? ಆದರೆ ಬುಷ್ ಯಾಕೆ ಹೋಯಿತು ಅನ್ನುವುದು ಆ ಹಳೇ ಬುಷ್‌ನ ಒಳಮೈಯಲ್ಲೇ ಬರೆದಿರುತ್ತದೆ. ಅದನ್ನು ಕೊಟ್ಟುಬಿಟ್ಟರೆ ಉಳಿಯುವುದು ಊಹೆ ಮಾತ್ರ.

ಇಲ್ಲಿ ಬರೆದಿರುವುದು ಮಂಡ್ಯ ಸುತ್ತಮುತ್ತ ಆಲೆಮನೆಗಳಲ್ಲಿ ಇರುವ ಮೂರು ರೋಲರ್‌ನ ಗಾಣವನ್ನು ಕಣ್ಣ ಮುಂದೆ ಇಟ್ಟುಕೊಂಡು. ಅಕ್ಕಿ ಗಿರಣಿಯ ಎಲಿವೇಟರ್‌ಗೂ, ಮೈಸೂರು ಹೆಬ್ಬಾಳದ ಕಾರ್ಖಾನೆಯ ಕನ್ವೇಯರ್‌ಗೂ ಲೆಕ್ಕ ಬೇರೆಯಾದರೂ ನೋಡುವ ಕ್ರಮ ಇದೇ. ಅಳತೆ ಹೇಳುವಾಗ 75 ಮಿ.ಮೀ. ಶಾಫ್ಟ್, 95 ಮಿ.ಮೀ. ಹೊರ ಅಳತೆಯ, 100 ಮಿ.ಮೀ. ಉದ್ದದ ಬುಷ್ ಅಂತ ಇಟ್ಟುಕೊಂಡಿದ್ದೇನೆ. ನಿಮ್ಮದು ಬೇರೆ ಇದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಕೈ ಹಾಕುವ ಮುಂಚೆ

ಮೈನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಜೇಬಿಗೆ ಅಂದರೆ ಜೇಬಿಗೇ. ಕರೆಂಟ್ ಹೋಗಿದೆ ಅಂತ ಹಾಗೇ ಕೈ ಹಾಕಬೇಡಿ. ಸ್ಟಾರ್ಟರ್ ಆಟೋದಲ್ಲಿದ್ದರೆ ತ್ರೀ ಫೇಸ್ ಬಂದ ತಕ್ಷಣ ಗಾಣ ತಾನೇ ತಿರುಗಲು ಶುರುವಾಗುತ್ತದೆ. ಬೆಲ್ಟ್ ಕೂಡ ಕಳಚಿಬಿಡಿ. ಡೀಸೆಲ್ ಎಂಜಿನ್ ಆದರೆ ಬೆಲ್ಟ್ ಕಳಚದೆ ಹತ್ತಿರ ಹೋಗಲೇಬೇಡಿ.

ಹೆಗಲ ಮೇಲಿನ ಟವೆಲ್ ತೆಗೆದಿಡಿ, ಪಂಚೆ ಬಿಟ್ಟು ಪ್ಯಾಂಟ್ ಹಾಕಿಕೊಳ್ಳಿ. ತಿರುಗುತ್ತಿರುವಾಗ ಬುಷ್ ಮುಟ್ಟಿ ನೋಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ರೋಲರ್ ಬಾಯಿ ಅಲ್ಲಿಂದ ಒಂದು ಗೇಣು ದೂರದಲ್ಲಿರುತ್ತದೆ. ನಿಲ್ಲಿಸಿ ಮುಟ್ಟಿ, ಇಲ್ಲಾ ದೂರದಿಂದಲೇ ಬಿಸಿ ತೋರಿಸುವ ಗನ್ ಥರ್ಮಾಮೀಟರ್ ತಗೊಳ್ಳಿ. ಇನ್ನೊಂದು ಮಾತು. ಗ್ರೈಂಡರ್ ಆಗಲಿ ವೆಲ್ಡಿಂಗ್ ಆಗಲಿ ಒಣಗಿದ ಸಿಪ್ಪೆ, ತರಗು ಇರುವ ಕಡೆ ಬೇಡ. ಒಂದು ಕಿಡಿ ಸಾಕು.

ಬುಷ್ ಕಾಯುತ್ತಿದೆ

ಗಾಣ ನಿಲ್ಲಿಸಿ ಹೌಸಿಂಗ್ (ಬುಷ್ ಕೂರುವ ಬೀಡು ಕಬ್ಬಿಣದ ಗೂಡು) ಮೇಲೆ ಅಂಗೈ ಇಡಿ. ಹತ್ತು ಎಣಿಸುವವರೆಗೆ ಇಡಬಹುದಾದರೆ ಭಯವಿಲ್ಲ. ಒಂದೆರಡು ಸೆಕೆಂಡಿಗೇ ಎಳೆದುಕೊಳ್ಳುವಂತಾದರೆ 60 ಡಿಗ್ರಿ ಹತ್ತಿರ ಇದೆ ಅಂತ ತಿಳಿಯಿರಿ. ಗಾಣದ ಶಾಫ್ಟ್ ಬಹಳ ನಿಧಾನ. ನಿಮಿಷಕ್ಕೆ 12 ಸುತ್ತು ಅಂದರೂ 75 ಮಿ.ಮೀ. ಶಾಫ್ಟ್‌ನ ಮೈ ನಿಮಿಷಕ್ಕೆ 3 ಮೀಟರ್ ಕೂಡ ಉಜ್ಜುವುದಿಲ್ಲ. ಇಷ್ಟು ನಿಧಾನಕ್ಕೆ ತಿರುಗುವುದು ಕೈ ಸುಡುವಷ್ಟು ಕಾಯಬಾರದು. ಕಾಯುತ್ತಿದ್ದರೆ ಒಳಗೆ ಲೋಹಕ್ಕೆ ಲೋಹ ತಾಗುತ್ತಿದೆ.

ಕಾದ ಬುಷ್ ಮೇಲೆ ನೀರು ಹುಯ್ಯುವವರಿದ್ದಾರೆ. ಮಾಡಬೇಡಿ. ಹೊರಗಿನ ಬೀಡು ಮೊದಲು ತಣ್ಣಗಾಗಿ ಕುಗ್ಗುತ್ತದೆ, ಒಳಗಿನ ಶಾಫ್ಟ್ ಇನ್ನೂ ಬಿಸಿಯಾಗಿ ಹಿಗ್ಗಿರುತ್ತದೆ. ಬುಷ್ ಶಾಫ್ಟನ್ನು ಕಚ್ಚಿಕೊಳ್ಳುತ್ತದೆ, ಇಲ್ಲವೇ ಹೌಸಿಂಗ್ ಸೀಳುತ್ತದೆ. ಕಬ್ಬು ಕೊಡುವುದನ್ನು ನಿಲ್ಲಿಸಿ, ಗಾಣ ಸಲೀಸಾಗಿ ತಿರುಗುತ್ತಿದ್ದರೆ ಖಾಲಿ ಓಡಲು ಬಿಡಿ. ಗ್ರೀಸ್ ಪೈಪನ್ನು ದೂರಕ್ಕೆ ಎಳೆದಿದ್ದರೆ ಅಲ್ಲಿಂದಲೇ ಗ್ರೀಸ್ ಹೊಡೆಯಿರಿ. ನಿಪ್ಪಲ್ (ಗ್ರೀಸ್ ಗನ್ ಸಿಕ್ಕಿಸುವ ಬಾಯಿ) ರೋಲರ್ ಪಕ್ಕದಲ್ಲೇ ಇದ್ದರೆ ನಿಲ್ಲಿಸಿ ಹೊಡೆದು, ಮತ್ತೆ ಓಡಿಸಿ.

ಆಮೇಲೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ಹೊಸ ಬುಷ್ಷಾ, ಹಳೇದಾ?

ಹಳೇ ಬುಷ್, ಇಷ್ಟು ದಿನ ಚೆನ್ನಾಗಿತ್ತು, ಈಗ ಕಾಯುತ್ತಿದೆ ಅಂದರೆ ಮೊದಲು ಗ್ರೀಸ್ ನೋಡಿ. ಮುಕ್ಕಾಲು ಪಾಲು ಕಾರಣ ಅಲ್ಲೇ ಸಿಗುತ್ತದೆ ಅನ್ನುವುದು ನನ್ನ ಅನುಭವ. ಕಬ್ಬಿನ ಹಾಲು ಸ್ವಲ್ಪ ಹುಳಿ ಗುಣದ್ದು. ಬುಷ್ ಬಾಯಿಗೆ ಸೋರಿದರೆ ಗ್ರೀಸನ್ನು ತೊಳೆದುಕೊಂಡು ಹೋಗುತ್ತದೆ, ರಾತ್ರಿ ನಿಂತಾಗ ಶಾಫ್ಟ್‌ಗೆ ತುಕ್ಕು ಹಿಡಿಸುತ್ತದೆ. ಬಹಳ ಆಲೆಮನೆಗಳಲ್ಲಿ ಸಂಜೆ ಗ್ರೀಸ್ ಹೊಡೆದು ಆಮೇಲೆ ಗಾಣ ತೊಳೆಯುತ್ತಾರೆ. ಉಲ್ಟಾ ಮಾಡಿ. ತೊಳೆದಾದ ಮೇಲೆ ಗ್ರೀಸ್ ಹೊಡೆಯಿರಿ, ಅಂಚಿನಿಂದ ಹಳೇ ಗ್ರೀಸ್ ಹೊರಬರುವವರೆಗೆ. ಖರ್ಚಿಲ್ಲದ ರಿಪೇರಿ ಇದು.

ಹೊಸ ಬುಷ್ ಆಗಿದ್ದು ಅರ್ಧ ಗಂಟೆಯಲ್ಲೇ ಕಾದರೆ ಎರಡೇ ಅನುಮಾನ. ಒಂದು, ಬುಷ್‌ನ ಗ್ರೀಸ್ ತೂತೂ ಹೌಸಿಂಗ್ ತೂತೂ ಎದುರುಬದುರು ಕೂತಿಲ್ಲ. ಎರಡು, ಬುಷ್ ಬಿಗಿ.

ಪಾಂಡವಪುರದ್ದು ಎರಡನೇದು. ಲೇತ್‌ನವರಿಗೆ ಫೋನ್ ಮಾಡಿ ಕೇಳಿದೆ. "75.05 ಇಟ್ಟಿದೀನಿ ಸಾರ್, ಕರೆಕ್ಟಾಗಿದೆ" ಅಂದರು. ಅವರು ಸುಳ್ಳು ಹೇಳಲಿಲ್ಲ. ಕೈಯಲ್ಲಿದ್ದಾಗ ಅದು 75.05 ಇತ್ತು. ಆದರೆ ಬುಷ್‌ನ ಹೊರ ಅಳತೆ ಹೌಸಿಂಗ್‌ಗಿಂತ 0.04 ಜಾಸ್ತಿ ಇತ್ತು. ಹೌದು, ಇರಬೇಕು, ಇಲ್ಲದಿದ್ದರೆ ಬಿಗಿಯಾಗಿ ಕೂರುವುದಿಲ್ಲ. ದಪ್ಪ ಹೌಸಿಂಗ್ ಒಳಗೆ ಒತ್ತಿದಾಗ ಬೀಡು ಹಿಗ್ಗುವುದು ಕಮ್ಮಿ, ಮೆದು ಬುಷ್ ಒಳಗೆ ಕುಗ್ಗುವುದೇ ಜಾಸ್ತಿ. ಹೊರಗಿನ ಬಿಗಿ ಎಷ್ಟೋ, ಒಳ ಅಳತೆಯೂ ಹತ್ತಿರ ಹತ್ತಿರ ಅಷ್ಟೇ ಕಮ್ಮಿಯಾಗುತ್ತದೆ. 75.05 ಇದ್ದದ್ದು ಕೂತ ಮೇಲೆ 75.01 ಆಯಿತು. ಶಾಫ್ಟ್ ಅಳೆದರೆ 74.98. ಉಳಿದ ಸಡಿಲ 0.03 ಮಿ.ಮೀ. ಸ್ವಲ್ಪ ಬಿಸಿಯಾದರೆ ಅದೂ ಮಾಯ.

75 ಮಿ.ಮೀ. ಶಾಫ್ಟ್‌ಗೆ ಎಷ್ಟು ಬೇಕು? ಹಳೇ ಲೆಕ್ಕ, ಅಳತೆಯ ಸಾವಿರದಲ್ಲಿ ಒಂದು ಪಾಲು, ಅಂದರೆ 0.075. ಶುದ್ಧವಾದ ಜಾಗದಲ್ಲಿ ಓಡುವ ಮೆಷಿನ್‌ಗೆ ಅದು ಸರಿ. ಮಣ್ಣು, ಹಾಲು, ಗ್ರೀಸ್ ಎಲ್ಲಾ ಇರುವ ಗಾಣಕ್ಕೆ ನಾನು 0.10ರಿಂದ 0.15 ಕೊಡುತ್ತೇನೆ. ಕೂತ ಮೇಲೆ ಇರಬೇಕಾದ ಸಡಿಲ ಇದು. ಹಾಗಾಗಿ ಲೇತ್‌ನವರಿಗೆ ಹೇಳುವಾಗ ಒತ್ತಿದಾಗ ಕುಗ್ಗುವುದನ್ನೂ ಸೇರಿಸಿ ಹೇಳಬೇಕು. ನಮ್ಮ ಲೆಕ್ಕಕ್ಕೆ ಕೈಯಲ್ಲಿದ್ದಾಗ 75.14ರ ಆಸುಪಾಸು. ಇಲ್ಲವೇ ಒತ್ತಿದ ಮೇಲೆ ರೀಮರ್ (ತೂತನ್ನು ನಯವಾಗಿ ಹಿಗ್ಗಿಸುವ ಉಪಕರಣ) ಹಾಕಲಿ.

ಇನ್ನೊಂದು ಸಣ್ಣ ಮೋಸ ಇದೆ. ಲೇತ್‌ನಿಂದ ಆಗಷ್ಟೇ ಇಳಿದ ಬುಷ್ ಬಿಸಿ ಇರುತ್ತದೆ. 30 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 75 ಮಿ.ಮೀ. ತೂತು 0.04 ದೊಡ್ಡದಾಗಿ ತೋರುತ್ತದೆ. ಟೀ ಕುಡಿದು ಬಂದು ಅಳೆಯಿರಿ.

ಗ್ರೀಸ್ ಗನ್ ಗಟ್ಟಿ, ಒಳಗೆ ಹೋಗುತ್ತಿಲ್ಲ

ಮೊದಲು ನಿಪ್ಪಲ್ ಬಿಚ್ಚಿ. ಅದನ್ನು ಬರೀ ಕೈಯಲ್ಲಿ ಹಿಡಿದು ಗನ್ ಹೊಡೆಯಬೇಡಿ. ಗನ್‌ನ ಒತ್ತಡಕ್ಕೆ ಗ್ರೀಸ್ ಚರ್ಮದ ಒಳಗೇ ನುಗ್ಗಬಹುದು. ಹಾಗಾದರೆ ಗಾಯ ಸಣ್ಣದು ಅಂತ ಬಿಡದೆ ಆಸ್ಪತ್ರೆಗೆ ಓಡಿ. ನಿಪ್ಪಲ್ ಬಾಯಿಯ ಗುಂಡು ಒಳಗೆ ಹೋಗಿ ಬರುತ್ತಿದೆಯಾ ಅಂತ ಮೊಳೆಯಿಂದ ಒತ್ತಿ ನೋಡಿದರೆ ಸಾಕು. ಅನುಮಾನ ಬಂದರೆ ಹೊಸದು ಹಾಕಿ. ಕೆಲವೇ ರೂಪಾಯಿ.

ನಿಪ್ಪಲ್ ಸರಿ ಇದ್ದರೆ ತೂತಿನ ಒಳಗೆ ಟಾರ್ಚ್ ಬಿಟ್ಟು ತಂತಿಯಿಂದ ಕೆದಕಿ. ಒಣಗಿದ ಗ್ರೀಸೂ ಹಾಲೂ ಸೇರಿ ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ. ಅದು ಬಂತು, ಕೆಳಗೆ ಶಾಫ್ಟ್‌ನ ಬಿಳಿ ಮೈ ಕಂಡಿತು ಅಂದರೆ ನೆಮ್ಮದಿ.

ಶಾಫ್ಟ್ ಬದಲು ಕೆಂಪು ಹಳದಿ ಲೋಹ ಕಂಡರೆ ಕೆಲಸ ಕೆಟ್ಟಿದೆ. ಬುಷ್ ಹೌಸಿಂಗ್ ಒಳಗೇ ಸುತ್ತಿದೆ, ಅದರ ತೂತು ಬೇರೆ ಕಡೆ ಹೋಗಿದೆ. ಮೊನ್ನೆವರೆಗೆ ಸಲೀಸಾಗಿ ಹೋಗುತ್ತಿದ್ದ ಗ್ರೀಸ್ ಇವತ್ತು ಒಮ್ಮೆಲೇ ನಿಂತರೆ ಇದೇ ಅನುಮಾನ ಮೊದಲು ಬರಬೇಕು. ಅಂಚಿಗೆ ಪೇಂಟ್ ಗೆರೆ ಎಳೆದಿದ್ದರೆ ಕಣ್ಣಲ್ಲೇ ಗೊತ್ತಾಗುತ್ತದೆ. ಬುಷ್ ಮೇಲಿಂದ ಹೌಸಿಂಗ್ ಮೇಲಕ್ಕೆ ಒಂದು ಗೆರೆ, ಅಷ್ಟೇ. ಬುಷ್ ಹಾಕಿದ ದಿನವೇ ಎಳೆಯಿರಿ.

ಬುಷ್ ಸುತ್ತಿದೆ ಅಂದರೆ ಹೊಸ ಬುಷ್ ಮಾತ್ರ ಹಾಕಿ ಪ್ರಯೋಜನವಿಲ್ಲ. ಹೌಸಿಂಗ್ ತೂತು ಸವೆದು ದೊಡ್ಡದಾಗಿರುತ್ತದೆ. ಅದರ ಒಳ ಅಳತೆಯನ್ನು ನಾಲ್ಕು ಕಡೆ ತೆಗೆದು, ಆ ಅಳತೆಗೆ ಬುಷ್ ಹೊರಮೈ ಮಾಡಿಸಬೇಕು. ತೂತು ಮೊಟ್ಟೆ ಆಕಾರಕ್ಕೆ ಹೋಗಿದ್ದರೆ ಬೋರಿಂಗ್ ಮಾಡಿಸದೆ ಗತಿಯಿಲ್ಲ. ಕೆಲವರು ಹೌಸಿಂಗ್ ಒಳಗೆ ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆದು ಬಿಗಿ ಮಾಡಿಕೊಡುತ್ತಾರೆ. ಒಂದು ವಾರ ನಿಲ್ಲುತ್ತದೆ. ಅದನ್ನು ರಿಪೇರಿ ಅನ್ನಬೇಡಿ.

ಹೊರಗೆ ಬರುವ ಗ್ರೀಸ್‌ನ ಬಣ್ಣ

ಬಿಳಿ ಕಾಗದದ ಮೇಲೆ ಒಂದು ಚೂರು ತೆಗೆದು ಬಿಸಿಲಿಗೆ ಹಿಡಿಯಿರಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರೋ ಕಬ್ಬಿನ ಹಾಲೋ ಸೇರಿದೆ. ತುಕ್ಕಿನ ಕೆಂಪು ಇದ್ದರೆ ನಿಂತಾಗ ಶಾಫ್ಟ್ ತುಕ್ಕು ಹಿಡಿಯುತ್ತಿದೆ. ಬೆರಳಲ್ಲಿ ಉಜ್ಜಿದಾಗ ಕರಕರ ಅಂದರೆ ಮಣ್ಣು.

ಚಿನ್ನದ ಪುಡಿಯಂತೆ ಮಿನುಗಿದರೆ ಬುಷ್ ಸವೆಯುತ್ತಿದೆ. ಹೊಸ ಬುಷ್ ಹಾಕಿದ ಮೊದಲ ಒಂದೆರಡು ದಿನ ಸ್ವಲ್ಪ ಮಿನುಗುವುದು ಸಹಜ. ಮೂರನೇ ದಿನವೂ ಕಮ್ಮಿಯಾಗದೆ, ಉಗುರಿಗೆ ಸಿಗುವಂಥ ಚಕ್ಕೆ ಬಂದರೆ ಗಾಣ ನಿಲ್ಲಿಸಿ.

ಟಕ್ ಟಕ್ ಅನ್ನುತ್ತಿದೆ, ರೋಲರ್ ಎದ್ದು ಕೂರುತ್ತಿದೆ

ಖಾಲಿ ಓಡುವಾಗ ಸದ್ದಿಲ್ಲ. ಕಬ್ಬು ಕೊಟ್ಟ ತಕ್ಷಣ ಟಕ್. ಕಬ್ಬು ಮುಗಿದಾಗ ಮತ್ತೆ ಟಕ್. ಮೇಲಿನ ರೋಲರ್ ಬುಷ್ ಸವೆದಿದೆ ಅಂತ ಗಾಣ ಬಾಯಿ ಬಿಟ್ಟು ಹೇಳುತ್ತಿದೆ. ಖಾಲಿ ಇದ್ದಾಗ ರೋಲರ್ ತನ್ನ ಭಾರಕ್ಕೆ ಕೆಳಗೆ ಕೂತಿರುತ್ತದೆ. ಕಬ್ಬು ನುಗ್ಗಿದಾಗ ಎದ್ದು ಮೇಲೆ ಬಡಿಯುತ್ತದೆ.

ಎಷ್ಟು ಸವೆದಿದೆ ಅಂತ ತಿಳಿಯಲು ಬಿಚ್ಚಬೇಕಾಗಿಲ್ಲ. ಫ್ಯೂಸ್ ಕಿತ್ತು, ಬೆಲ್ಟ್ ಕಳಚಿ, ಹೌಸಿಂಗ್ ಮೇಲೆ ಮ್ಯಾಗ್ನೆಟ್ ಸ್ಟ್ಯಾಂಡ್‌ನ ಡಯಲ್ ಗೇಜ್ ಕೂರಿಸಿ. ಮುಳ್ಳಿನ ತುದಿ ಬುಷ್ ಪಕ್ಕದಲ್ಲೇ ಶಾಫ್ಟ್‌ನ ನೆತ್ತಿಯ ಮೇಲೆ ಇರಲಿ. ಮರದ ತುಂಡು ಇಟ್ಟು ಸ್ಕ್ರೂ ಜಾಕಿಯಿಂದ ಶಾಫ್ಟನ್ನು ಮೆಲ್ಲಗೆ ಎತ್ತಿ. ಮುಳ್ಳು ಓಡಿದಷ್ಟೂ ಸಡಿಲ. ಎತ್ತಿದ ರೋಲರ್ ಕೆಳಗೆ ಯಾರೂ ಬೆರಳು ಇಡಬಾರದು, ಜಾಕಿ ಜಾರುತ್ತದೆ. ನಾನು 0.30 ಬಂದರೆ ಬುಷ್‌ಗೆ ಆರ್ಡರ್ ಕೊಡಿ ಅನ್ನುತ್ತೇನೆ. 0.40 ದಾಟಿದರೆ ಓಡಿಸಬೇಡಿ ಅನ್ನುತ್ತೇನೆ. ಡಯಲ್ ಗೇಜ್ ಇಲ್ಲದವರು ಫೀಲರ್ ಗೇಜ್ ತೂರಿಸಿ ನೋಡಬಹುದು. ಆದರೆ ಅದು ಅಂಚಿನ ಸಡಿಲ ಮಾತ್ರ ತೋರಿಸುತ್ತದೆ.

ಟಕ್ ಅನ್ನುವುದು ಬುಷ್‌ನಿಂದಲೇ ಅಂತ ಗ್ಯಾರಂಟಿ ಏನೂ ಇಲ್ಲ. ಗೇರನ್ನು ಶಾಫ್ಟ್‌ಗೆ ಕಚ್ಚಿಸುವ ಕೀ ಸಡಿಲ ಇರಬಹುದು, ಗೇರ್ ಹಲ್ಲು ಮುರಿದಿರಬಹುದು. ಆದರೆ ಬುಷ್ ಸವೆದರೆ ಶಾಫ್ಟ್ ಸರಿಯುತ್ತದೆ, ಶಾಫ್ಟ್ ಸರಿದರೆ ಗೇರ್ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಗೇರ್ ಬದಲಿಸಿ ಮೂರು ತಿಂಗಳಿಗೆ ಮತ್ತೆ ಹಲ್ಲು ಹೋಯಿತು ಅನ್ನುವವರಿಗೆ ನಾನು ಬುಷ್ ತೋರಿಸುತ್ತೇನೆ.

ಹಳೇ ಬುಷ್ ಓದುವುದು

ಬಿಚ್ಚುವ ಮುಂಚೆ ಯಾವ ಕಡೆ ಮೇಲೆ, ಯಾವ ಕಡೆ ಕಬ್ಬು ಕೊಡುವುದು ಅಂತ ಪೇಂಟ್‌ನಲ್ಲಿ ಗುರುತು ಹಾಕಿ. ಗುರುತಿಲ್ಲದ ಬುಷ್ ವಿಳಾಸವಿಲ್ಲದ ಕಾಗದ ಇದ್ದಂತೆ. ತೆಗೆದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ.

ಒಂದು ತುದಿಯಲ್ಲಿ ಒಂದು ಮಗ್ಗುಲು ಮಾತ್ರ ಹೊಳೆಯುತ್ತಿದ್ದು, ಇನ್ನೊಂದು ತುದಿಯಲ್ಲಿ ಎದುರು ಮಗ್ಗುಲು ಹೊಳೆಯುತ್ತಿದ್ದರೆ ಶಾಫ್ಟೂ ಬುಷ್ಷೂ ಒಂದೇ ಗೆರೆಯಲ್ಲಿಲ್ಲ. ಇದನ್ನು ಲೆಕ್ಕದಲ್ಲಿ ನೋಡಿ. 3 ಟನ್ ಭಾರ ಬಿದ್ದರೆ, 75 ಅಗಲ 100 ಉದ್ದದ ಬುಷ್‌ಗೆ ಚದರ ಸೆಂಟಿಮೀಟರ್‌ಗೆ 40 ಕೆ.ಜಿ. ಒತ್ತಡ. ಗನ್‌ಮೆಟಲ್ ಅದನ್ನು ಆರಾಮಾಗಿ ತಡೆಯುತ್ತದೆ. ಕಾಲು ಭಾಗ ಉದ್ದ ಮಾತ್ರ ತಾಗುತ್ತಿದ್ದರೆ ಅದೇ 160 ಆಗುತ್ತದೆ. ಗ್ರೀಸ್ ಅಲ್ಲಿ ನಿಲ್ಲುವುದೇ ಇಲ್ಲ. ಹೌಸಿಂಗ್ ಬೋಲ್ಟ್ ಸಡಿಲವಾ, ಗಾಣದ ಫ್ರೇಮ್ ಕಾಂಕ್ರೀಟ್ ಮೇಲೆ ತಿರುಚಿ ಕೂತಿದೆಯಾ, ಒಂದು ಕಡೆ ಸ್ಕ್ರೂ ಜಾಸ್ತಿ ಬಿಗಿ ಮಾಡಿದ್ದಾರಾ, ನೋಡಿ. ಉದ್ದ ಜಾಸ್ತಿ ಇದ್ದರೆ ಬುಷ್ ಗಟ್ಟಿ ಅಂತ 200 ಮಿ.ಮೀ. ಮಾಡಿಸುವವರಿದ್ದಾರೆ. ಶಾಫ್ಟ್ ಸ್ವಲ್ಪ ಬಾಗಿದರೂ ಉದ್ದ ಬುಷ್‌ನ ಅಂಚೇ ಭಾರ ಹೊರುತ್ತದೆ. ಶಾಫ್ಟ್ ಅಳತೆಯಷ್ಟರಿಂದ ಒಂದೂವರೆ ಪಟ್ಟು ಸಾಕು.

ಒಳಮೈ ತುಂಬ ಸುತ್ತುಗೆರೆ, ಶಾಫ್ಟ್ ಮೇಲೂ ಅದೇ ಗೆರೆ ಇದ್ದರೆ ಮಣ್ಣು ಹೋಗಿದೆ. ಮಳೆ ಬಿದ್ದ ಗದ್ದೆಯ ಕಬ್ಬು ಬುಡದಲ್ಲಿ ಮಣ್ಣು ಹೊತ್ತುಕೊಂಡೇ ಬರುತ್ತದೆ. ಮರಳಿನ ಕಣ ಮೆದು ಬುಷ್‌ಗೆ ನೆಟ್ಟುಕೊಂಡು, ಗಟ್ಟಿ ಶಾಫ್ಟನ್ನೇ ಕೊರೆಯುತ್ತದೆ. ಕೇಳಲು ವಿಚಿತ್ರ, ಆದರೆ ಬುಷ್‌ಗಿಂತ ಶಾಫ್ಟ್ ಜಾಸ್ತಿ ಸವೆದ ಗಾಣ ಎಷ್ಟೋ ನೋಡಿದ್ದೇನೆ. ಹೊಸ ಬುಷ್ ಬೇಕಾದರೂ ಹಾಕಿ, ಶಾಫ್ಟ್ ಮೇಲೆ ಉಗುರು ಆಡಿಸಿದಾಗ ಗೆರೆಗೆ ಸಿಕ್ಕಿಕೊಂಡರೆ ಅದು ಗರಗಸ ಇದ್ದಂತೆ, ಹೊಸ ಬುಷ್ಷನ್ನೂ ತಿನ್ನುತ್ತದೆ.

ಹೊರಮೈ ಹೊಳೆಯುತ್ತಿದ್ದರೆ ಬುಷ್ ಸುತ್ತಿದೆ. ಅದನ್ನು ಆಗಲೇ ಹೇಳಿದೆ.

ಗ್ರೀಸ್ ಚೆನ್ನಾಗಿ ಹೋಗುತ್ತದೆ, ಆದರೂ ಮೇಲಿನ ಬುಷ್ ಸವೆಯುತ್ತದೆ

ಇದೇ ನನ್ನ ತಲೆಯನ್ನು ಬಹಳ ದಿನ ತಿಂದ ದೂರು. ನಿಪ್ಪಲ್ ಸರಿ, ಗ್ರೀಸ್ ಸರಿ, ಸಡಿಲ ಸರಿ, ಲೋಹ ಸರಿ. ಆದರೂ ಕೆಳಗಿನ ಎರಡು ರೋಲರ್ ಬುಷ್ ಒಂದು ಸೀಸನ್ ಬಂದರೆ ಮೇಲಿನದು ಅರ್ಧ ಸೀಸನ್‌ಗೇ ಹೋಗುತ್ತದೆ.

ಸಾಮಾನ್ಯವಾಗಿ ಶಾಫ್ಟ್‌ನ ಭಾರ ಕೆಳಗೆ ಬೀಳುತ್ತದೆ ಅಂತ ನಮ್ಮ ತಲೆಯಲ್ಲಿ ಕೂತಿದೆ. ಹಾಗಾಗಿ ಗ್ರೀಸ್ ತೂತನ್ನು ನೆತ್ತಿಯ ಮೇಲೆ ಕೊರೆಯುತ್ತೇವೆ. ಕೈಗೂ ಸಿಗುತ್ತದೆ, ನೋಡಲೂ ಚೆನ್ನ. ಆದರೆ ಗಾಣದ ಮೇಲಿನ ರೋಲರನ್ನು ಕಬ್ಬು ಮೇಲಕ್ಕೆ ನೂಕುತ್ತದೆ. ಸಿಪ್ಪೆ ಹೊರಹೋಗುವ ಕಡೆ ಸಂದು ಕಿರಿದು, ಹಿಂಡುವುದು ಅಲ್ಲೇ ಜಾಸ್ತಿ. ಹಾಗಾಗಿ ಒತ್ತಡ ಮೇಲಕ್ಕೆ, ಸ್ವಲ್ಪ ಕಬ್ಬು ಕೊಡುವ ಕಡೆಗೆ ವಾಲಿ ಬೀಳುತ್ತದೆ. ಗೇರ್ ಇರುವ ಕಡೆಯ ಬುಷ್‌ನಲ್ಲಿ ಹಲ್ಲಿನ ಒತ್ತಡವೂ ಸೇರಿ ಸ್ವಲ್ಪ ಆಚೀಚೆ ಆಗುತ್ತದೆ. ಅಂದರೆ ನಾವು ತೂತು ಕೊರೆದು ಗಾಳೆ (ಒಳಮೈಯಲ್ಲಿ ಗ್ರೀಸ್ ಹರಡುವ ಕಾಲುವೆ) ಹೊಡೆದಿರುವುದು ಸರಿಯಾಗಿ ಭಾರ ಬೀಳುವ ಜಾಗಕ್ಕೇ. ಅಲ್ಲಿ ಶಾಫ್ಟ್ ಬುಷ್‌ಗೆ ಅಂಟಿಕೊಂಡಿರುತ್ತದೆ. ಕಬ್ಬು ಓಡುವಾಗ ಗ್ರೀಸ್ ಹೋಗಲು ಸಂದೇ ಇಲ್ಲ. ಖಾಲಿ ಇರುವಾಗ ಹೊಡೆದ ಗ್ರೀಸ್ ಒಳಗೆ ಹೋಗುತ್ತದೆ, ನಾವು ಸರಿ ಇದೆ ಅಂದುಕೊಳ್ಳುತ್ತೇವೆ. ಸಾಲದ್ದಕ್ಕೆ, ಗಾಳೆಯ ಅಗಲದಷ್ಟು ಲೋಹ ಭಾರ ಹೊರುವ ಜಾಗದಲ್ಲೇ ಕಮ್ಮಿ.

ಗಾಣ ನಿಧಾನ ಇರುವುದರಿಂದ ಇದು ಇನ್ನೂ ದೊಡ್ಡ ತಪ್ಪು. ಜೋರಾಗಿ ತಿರುಗುವ ಶಾಫ್ಟ್ ಎಣ್ಣೆಯನ್ನು ತಾನೇ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ನಿಮಿಷಕ್ಕೆ 12 ಸುತ್ತಿನ ಶಾಫ್ಟ್ ತೇಲುವುದಿಲ್ಲ. ಅದಕ್ಕೆ ನಾವೇ ಸರಿಯಾದ ಜಾಗಕ್ಕೆ ಗ್ರೀಸ್ ಉಣಿಸಬೇಕು.

ಹಳೇ ಬುಷ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಜಾಸ್ತಿ ಸವೆದು ಕನ್ನಡಿಯಂತೆ ಹೊಳೆಯುವ ಜಾಗ ಎಲ್ಲಿದೆಯೋ ಅದೇ ಭಾರ ಬೀಳುವ ಜಾಗ. ಅದಕ್ಕೆ ಕಾಲು ಸುತ್ತು ಹಿಂದೆ, ಅಂದರೆ ಶಾಫ್ಟ್ ತಿರುಗುತ್ತಾ ಭಾರದ ಜಾಗಕ್ಕೆ ಬರುವ ಮುಂಚಿನ ಪಕ್ಕದಲ್ಲಿ ಗ್ರೀಸ್ ತೂತು ಬರಲಿ. ಮೇಲಿನ ರೋಲರ್‌ಗೆ ಅದು ಹೌಸಿಂಗ್ ಪಕ್ಕಕ್ಕೆ ಬರುತ್ತದೆ. ಕೈಗೆ ಸಿಗದಿದ್ದರೆ ಸಣ್ಣ ತಾಮ್ರದ ಪೈಪ್ ಎಳೆದು ನಿಪ್ಪಲ್ ಹೊರಗೆ ತನ್ನಿ. ಕೆಳಗಿನ ರೋಲರ್‌ಗಳಿಗೆ ಭಾರ ಕೆಳಗೆ ಮತ್ತು ಹೊರಗಡೆಗೆ ಬೀಳುತ್ತದೆ. ಅವಕ್ಕೆ ಮೇಲಿನ ತೂತು ನಡೆಯುತ್ತದೆ.

ಗಾಳೆ ಬುಷ್‌ನ ಆ ತುದಿಯಿಂದ ಈ ತುದಿವರೆಗೆ ಸೀಳಿರಬಾರದು. ಎರಡೂ ಕಡೆ 10 ಮಿ.ಮೀ. ಬಿಟ್ಟು ನಿಲ್ಲಿಸಿ. ಇಲ್ಲದಿದ್ದರೆ ಗ್ರೀಸ್ ಸುಲಭದ ದಾರಿ ಹಿಡಿದು ಹೊರಗೆ ಹೋಗುತ್ತದೆ, ಅದೇ ದಾರಿಯಲ್ಲಿ ಹಾಲು ಒಳಗೆ ಬರುತ್ತದೆ. ಗಾಳೆಯ ಅಂಚು ಚೂಪಾಗಿದ್ದರೆ ಶಾಫ್ಟ್ ಮೇಲಿನ ಗ್ರೀಸನ್ನು ಹೆರೆದು ಹಾಕುತ್ತದೆ. ಅಂಚು ಮೊಂಡು ಮಾಡಿಸಿ.

ಎಲ್ಲಾ ಸರಿ ಇದ್ದೂ ಸವೆಯುತ್ತದೆ: ಲೋಹದ ಅನುಮಾನ

ಗನ್‌ಮೆಟಲ್ ಅಂತ ಹೇಳಿ ಹಿತ್ತಾಳೆ ಕೊಡುವುದು ಹಳೇ ಕತೆ. ನನಗೂ ಒಮ್ಮೆ ಆಗಿದೆ. ಹದಿನೈದು ದಿನಕ್ಕೆ ಬುಷ್ ಕಾಗದವಾಯಿತು. ಆಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತೆ ಅನ್ನುತ್ತಾರೆ, ಗೊತ್ತಾಗುವುದಿಲ್ಲ. ಎರಡಕ್ಕೂ ಅಂಟುವುದಿಲ್ಲ. ಹೊಸದಾಗಿ ಕೊರೆದ ಮೈಯ ಬಣ್ಣ ನೋಡಿ. ಹಿತ್ತಾಳೆ ನಿಂಬೆ ಹಳದಿ, ಗನ್‌ಮೆಟಲ್ ಕೆಂಪು ತಿರುಗಿದ ಹಳದಿ. ಹಳೇ ಕಾಲದ ಗನ್‌ಮೆಟಲ್ ಅಂದರೆ ತಾಮ್ರ 88, ತವರ 10, ಸತು 2 ಪಾಲು. ಈಗ ಬುಷ್‌ಗೆ ಜಾಸ್ತಿ ಓಡುವುದು ತಾಮ್ರ 85, ತವರ, ಸತು, ಸೀಸ ತಲಾ 5 ಪಾಲಿನದು. ಸೀಸ ಇರುವುದು ಒಳ್ಳೇದೇ. ಗ್ರೀಸ್ ತಪ್ಪಿದಾಗ ಅದೇ ಸ್ವಲ್ಪ ಹೊತ್ತು ಜಾರಿಸುತ್ತದೆ. ಆದರೆ ಅದರ ಪುಡಿ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಮೈಯಲ್ಲಿ ಸೂಜಿ ಚುಚ್ಚಿದಂಥ ತೂತು ಜಾಸ್ತಿ ಇದ್ದರೆ ಎರಕ ಕೆಟ್ಟಿದೆ, ವಾಪಸ್ ಕೊಡಿ.

ಇನ್ನೂ ಗಟ್ಟಿ ಬೇಕು ಅಂತ ಅಲ್ಯೂಮಿನಿಯಂ ಬ್ರಾಂಜ್ ಹಾಕಿಸುವ ಆಸೆ ಕೆಲವರಿಗೆ. ಶಾಫ್ಟ್ ಯಾವಾಗಲೂ ಬುಷ್‌ಗಿಂತ ಚೆನ್ನಾಗಿ ಗಟ್ಟಿ ಇರಬೇಕು, ಗಡಸುತನ ಅಳೆಯುವ ಬ್ರಿನೆಲ್ ಲೆಕ್ಕದಲ್ಲಿ ನೂರರಷ್ಟಾದರೂ ಜಾಸ್ತಿ. ಹದ ಮಾಡದ ಸಾದಾ ಶಾಫ್ಟ್‌ಗೆ ಅಲ್ಯೂಮಿನಿಯಂ ಬ್ರಾಂಜ್ ಹಾಕಿದರೆ ಶಾಫ್ಟೇ ಹೋಗುತ್ತದೆ. ಬುಷ್ ಇರುವುದೇ ಶಾಫ್ಟ್ ಬದಲು ಸವೆಯಲಿ ಅಂತ. ಭಾರ ಜಾಸ್ತಿ ಇದ್ದರೆ ಫಾಸ್ಫರ್ ಬ್ರಾಂಜ್‌ಗೆ ಹೋಗಿ, ಆದರೆ ಶಾಫ್ಟ್ ನಯವಾಗಿರಲಿ.

ನೈಲಾನ್ ಬುಷ್ ಅಗ್ಗ, ಸದ್ದಿಲ್ಲ. ಕನ್ವೇಯರ್‌ಗೆ ಒಳ್ಳೇದು. ಆದರೆ ಅದು ನೀರು ಕುಡಿದು ಊದಿಕೊಳ್ಳುತ್ತದೆ, ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಗನ್‌ಮೆಟಲ್‌ಗೆ ಕೊಡುವುದರ ಮೂರ್ನಾಲ್ಕು ಪಟ್ಟು ಸಡಿಲ ಕೊಡಬೇಕು. ಟೇಬಲ್ ಫ್ಯಾನ್‌ನಲ್ಲಿರುವ, ಎಣ್ಣೆ ಹೀರಿಕೊಂಡಿರುವ ಪುಡಿ ಬ್ರಾಂಜ್ ಬುಷ್ ಗಾಣಕ್ಕಲ್ಲ. ಅದನ್ನು ಬೇರೆ ಕಡೆ ಹಾಕುವವರು ಪೆಟ್ರೋಲ್‌ನಲ್ಲಿ ತೊಳೆಯಬೇಡಿ, ಒಳಗಿನ ಎಣ್ಣೆಯೆಲ್ಲಾ ಹೋಗುತ್ತದೆ.

ಗ್ರೀಸ್ ವಿಷಯ ಒಂದೇ ಮಾತು. ನೀರಿಗೆ ತೊಳೆದುಹೋಗದ, ಭಾರ ತಡೆಯುವ ಗ್ರೀಸ್ ಕೇಳಿ ತಗೊಳ್ಳಿ. ಹಾಲು ಬೀಳುವ ಕಡೆ ಇರುವ ಬುಷ್‌ಗೆ ಆಹಾರ ದರ್ಜೆಯ ಗ್ರೀಸ್ ಹಾಕಿ, ಅದರ ಮೇಲೆ ಎಚ್1 ಅಂತ ಬರೆದಿರುತ್ತದೆ. ದುಬಾರಿ, ನಿಜ. ಆದರೆ ಸೋರಿದ್ದು ಕೊಪ್ಪರಿಗೆಗೇ ಹೋಗುತ್ತದೆ, ಬೆಲ್ಲ ತಿನ್ನುವವರು ನಮ್ಮ ಜನವೇ.

ಹೊಸ ಬುಷ್ ಕೂರಿಸುವಾಗ ಕೆಡುವುದು

ಸುತ್ತಿಗೆ. ಇನ್ನೇನೂ ಹೇಳಬೇಕಾಗಿಲ್ಲ. ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಅಂಚು ಒಳಗೆ ಬಾಗುತ್ತದೆ, ಬುಷ್ ಓರೆ ಹೋಗುತ್ತದೆ, ಕಣ್ಣಿಗೆ ಚೂರು ಹಾರುತ್ತದೆ. ಹೈಡ್ರಾಲಿಕ್ ಪ್ರೆಸ್ ಇಲ್ಲದಿದ್ದರೆ ಉದ್ದ ಬೋಲ್ಟ್, ಎರಡು ದಪ್ಪ ವಾಷರ್, ಒಂದು ನಟ್ ಸಾಕು. ನಟ್ ಬಿಗಿ ಮಾಡುತ್ತಾ ಎಳೆದುಕೊಳ್ಳಿ. ಬುಷ್ ಮುಂಭಾಗಕ್ಕೂ ಹೌಸಿಂಗ್ ಬಾಯಿಗೂ ಸಣ್ಣ ಇಳಿಜಾರು ಇರಲಿ.

ಇದಕ್ಕಿಂತ ಸುಲಭದ ದಾರಿ ಫ್ರೀಜರ್. 95 ಮಿ.ಮೀ. ಬುಷ್ ಮೈನಸ್ 18 ಡಿಗ್ರಿಗೆ ಹೋದರೆ ಸುಮಾರು 0.07 ಕುಗ್ಗುತ್ತದೆ. ಬಿಗಿ 0.04 ಇದ್ದರೆ ಕೈಯಲ್ಲೇ ಜಾರುತ್ತದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ರಾತ್ರಿ ಇಟ್ಟು ಬೆಳಗ್ಗೆ ತೆಗೆಯಿರಿ. ಮನೆಯವರ ಬೈಗುಳ ಬೇಡದವರು ಐಸ್‌ಕ್ರೀಮ್ ಅಂಗಡಿಯವರನ್ನು ಕೇಳಿ. ತೆಗೆದ ತಕ್ಷಣ ಮೈಮೇಲೆ ಇಬ್ಬನಿ ಕೂರುತ್ತದೆ. ಒರೆಸಿ, ಗ್ರೀಸ್ ತೂತಿನ ಗುರುತು ಹೊಂದಿಸಿ, ಒಂದೇ ಉಸಿರಿಗೆ ಒಳಗೆ ಹಾಕಿ. ಅರ್ಧಕ್ಕೆ ನಿಂತರೆ ಅಲ್ಲೇ ಬಿಗಿಯಾಗುತ್ತದೆ. ಗ್ಯಾಸ್ ಟಾರ್ಚ್‌ನಿಂದ ಹೌಸಿಂಗ್ ಕಾಯಿಸುವುದು ಬೇಡ. ಒಂದೇ ಕಡೆ ಕಾದರೆ ಬೀಡು ಸೀಳುತ್ತದೆ, ಒಳಗಿನ ಗ್ರೀಸ್ ಹತ್ತಿಕೊಳ್ಳುತ್ತದೆ.

ಬಿಗಿಯ ಜೊತೆಗೆ ತಲೆಯಿಲ್ಲದ ಒಂದು ಗ್ರಬ್ ಸ್ಕ್ರೂ ಬೇಕು, ಬುಷ್ ಸುತ್ತದಿರಲಿ ಅಂತ. ಅರ್ಧ ಬುಷ್, ಅರ್ಧ ಹೌಸಿಂಗ್ ಸೇರುವ ಗೆರೆಯಲ್ಲಿ ಕೊರೆದು ಹಾಕಿ. ಅದು ಶಾಫ್ಟ್‌ವರೆಗೆ ಹೋಗಬಾರದು. ಕೂತ ಮೇಲೆ ಒಳ ಅಳತೆಯನ್ನು ಎರಡೂ ತುದಿಯಲ್ಲಿ, ಅಡ್ಡ ಮತ್ತು ಉದ್ದ ಅಳೆಯಿರಿ. ಇದನ್ನು ಬಿಟ್ಟರೆ ಇಷ್ಟು ಹೊತ್ತು ಹೇಳಿದ್ದೆಲ್ಲಾ ದಂಡ.

ಇಲ್ಲಿಗೆ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ

ಹೌಸಿಂಗ್ ಅಥವಾ ಫ್ರೇಮ್‌ನಲ್ಲಿ ಕೂದಲೆಳೆ ಬಿರುಕು ಕಂಡರೆ ಓಡಿಸಬೇಡಿ. ಶಾಫ್ಟ್ ನೀಲಿ ತಿರುಗಿದ್ದರೆ, ಶಾಫ್ಟ್‌ನ ಅಳತೆ ಬದಲಾಗುವ ಮೆಟ್ಟಿಲಿನ ಮೂಲೆಯಲ್ಲಿ ಗೆರೆ ಕಂಡರೆ, ತಿರುಗಿಸಿದಾಗ ಡಯಲ್ ಮುಳ್ಳು ಆಡುತ್ತಿದ್ದರೆ, ಅದು ಲೇತ್ ಅಂಗಡಿಯಲ್ಲಿ ನಿಂತು ಮುಗಿಸುವ ಕೆಲಸವಲ್ಲ. ಎರಡೂ ಕಡೆ ಹೌಸಿಂಗ್ ಒಂದೇ ಗೆರೆಗೆ ಬರದಿದ್ದರೆ ಎರಡೂ ತೂತನ್ನು ಒಂದೇ ಗೆರೆಯಲ್ಲಿ ಕೊರೆಯುವ ಲೈನ್ ಬೋರಿಂಗ್ ಮಾಡುವವರು ಬೇಕು, ಮೈಸೂರಿನಲ್ಲಿ ಸಿಗುತ್ತಾರೆ. ಮೋಟಾರ್ ಪದೇ ಪದೇ ಟ್ರಿಪ್ ಆಗುತ್ತಿದ್ದರೆ ಓವರ್‌ಲೋಡ್ ರಿಲೇ ತಿರುಗಿಸಿ ಏರಿಸಬೇಡಿ. ಗಾಣ ಎಲ್ಲೋ ಬಿಗಿಯುತ್ತಿದೆ ಅಂತ ಅದು ಹೇಳುತ್ತಿರುತ್ತದೆ.

ಮೊದಲ ದಿನ

ಗ್ರೀಸ್ ತುಂಬಿಸಿ, ಕೈಯಲ್ಲಿ ಒಂದೆರಡು ಸುತ್ತು ತಿರುಗಿಸಿ. ಆಮೇಲೆ ಬೆಲ್ಟ್ ಹಾಕಿ ಇಪ್ಪತ್ತು ನಿಮಿಷ ಖಾಲಿ ಓಡಿಸಿ, ನಿಲ್ಲಿಸಿ ಮುಟ್ಟಿ ನೋಡಿ. ಮೊದಲ ಎರಡು ಗಂಟೆ ಕಬ್ಬು ಅರ್ಧ ಕೊಡಿ. ನಡುವೆ ಎರಡು ಸಲ ನಿಲ್ಲಿಸಿ ಗ್ರೀಸ್ ಹೊಡೆಯಿರಿ. ತಾರೀಕು, ಶಾಫ್ಟ್ ಅಳತೆ, ಬುಷ್ ಅಳತೆ ಮೂರನ್ನೂ ಹೌಸಿಂಗ್ ಪಕ್ಕದಲ್ಲಿ ಪೇಂಟ್‌ನಲ್ಲಿ ಬರೆದಿಡಿ.

ಪಾಂಡವಪುರದ ಆ ಗಾಣಕ್ಕೆ ಆಮೇಲೆ ರೀಮರ್ ಹಾಕಿಸಿದೆವು. ಮೇಲಿನ ಬುಷ್ ತೂತನ್ನೂ ಪಕ್ಕಕ್ಕೆ ತಂದೆವು. ಈಗ ಅಲ್ಲಿ ಬಿಚ್ಚಿದ ಬುಷ್‌ಗಳೆಲ್ಲಾ ಒಲೆಮನೆಯ ಗೋಡೆಯ ಮೊಳೆಗೆ ಸಾಲಾಗಿ ನೇತಾಡುತ್ತಿವೆ. ಲೇತ್‌ನವರು ಕೇಳಿದರಂತೆ. "ಇಲ್ಲ ಕಣಣ್ಣ, ಸೀಸನ್ ಮುಗೀಲಿ" ಅಂದರಂತೆ ಆಲೆಮನೆಯವರು.